ಅಟ್ಟದ ಕಂಪ್ಯೂಟರಿಗೆ ಪಪ್ಪಿ

ನಾನು ಬಿ.ಇ. ಸೇರಿದಾಗ ಅಪ್ಪ ಅಡಿಕೆ ಮಾರಿ ಕೊಡಿಸಿದ ಕಂಪ್ಯೂಟರು ಊರಲ್ಲಿ ಅಟ್ಟ ಸೇರಿತ್ತು. 512 ಎಂಬಿ ರ‍್ಯಾಮು, ಹಾರ್ಡ್ ಡಿಸ್ಕ್ ಸತ್ತಿತ್ತು. "ಗುಜರಿಗೆ ಹಾಕ್ಲೇನೋ?" ಅಂತ ಅಪ್ಪ ಫೋನಲ್ಲಿ ಕೇಳಿದ್ದು ಯಾಕೋ ಚುಚ್ಚಿತು.

ಲಿನಕ್ಸ್ ಹುಟ್ಟಿದ್ದೇ ಮನೆ ಕಂಪ್ಯೂಟರಿನಲ್ಲಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಪಿಸಿಗೆಂದು ಬರೆದ ಕರ್ನಲ್ ಅದು. 2012ರ ಡಿಸೆಂಬರಿನಲ್ಲಿ ಆ 386 ಚಿಪ್ಪಿನ ಬೆಂಬಲವನ್ನೇ ಕಿತ್ತುಹಾಕಿದರು. ಹಳೇ ಕೋಡ್ ಹೊರೋದು ಎಂಥ ಕಷ್ಟ ಅಂತ ನನಗೂ ಗೊತ್ತು, ಬಿಡಿ. 2017ರಲ್ಲಿ ಉಬುಂಟು ಕೂಡ 32-ಬಿಟ್ ಡೆಸ್ಕ್‌ಟಾಪ್ ನಿಲ್ಲಿಸ್ತು.

ಹಳೇ ಮಶೀನುಗಳ ಕೈ ಹಿಡಿದವರು ಬೇರೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲೇ ಪಪ್ಪಿ ಲಿನಕ್ಸ್ ಶುರುಮಾಡಿದ್ದರು. ಇಡೀ ಸಿಸ್ಟಮ್ಮನ್ನು ಕುಗ್ಗಿಸಿಟ್ಟು, ಬೂಟ್ ಆಗುವಾಗ ರ‍್ಯಾಮಿಗೇ ಎತ್ತಿಕೊಳ್ಳುವ ಉಪಾಯ. ಹಾರ್ಡ್ ಡಿಸ್ಕೇ ಬೇಡ!

ಯುಗಾದಿಗೆ ಹೋದಾಗ 32-ಬಿಟ್ ಪಪ್ಪಿ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಿಸಿದೆ. ಡೆಸ್ಕ್‌ಟಾಪ್ ಬಂದೇಬಿಡ್ತು. ಯೂಟ್ಯೂಬ್ ಆಸೆ ಬಿಡಿ, ಈಗಿನ ಬ್ರೌಸರಿಗೆ 512 ಎಂಬಿ ಯಾವ ಮೂಲೆಗೂ ಸಾಲದು. ಅಪ್ಪ ಮಾತ್ರ ತೋಟದ ಕೂಲಿ ಲೆಕ್ಕ ಬರೆಯೋಕೆ ಕೂತೇಬಿಟ್ರು. ಎಲ್ಲ ಇದ್ದದ್ದು ರ‍್ಯಾಮಿನಲ್ಲಿ. ಪೆನ್‌ಡ್ರೈವಿಗೆ ಸೇವ್ ಮಾಡೋ ಮುಂಚೆಯೇ ಕರೆಂಟ್ ಹೋಯ್ತು. ಬೈಸಿಕೊಂಡಿದ್ದು ನಾನು.