ಡಾವೋಸಿನ ಹಿಮಜಾರು: ಕೀರ್ತಿ ಯಾರದ್ದು?

ಆಲ್ಪ್ಸ್ ಪರ್ವತಕ್ಕೆ ಸ್ಕೀಯಿಂಗ್ ತಂದವನು ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಎಂಬ ಮಾತು ಈಗಲೂ ಚಲಾವಣೆಯಲ್ಲಿದೆ. ದಾಖಲೆ ಬೇರೆಯೇ ಹೇಳುತ್ತದೆ. ಕ್ಷಯಪೀಡಿತ ಹೆಂಡತಿಯ ಆರೈಕೆಗೆಂದು ಡಾವೋಸಿಗೆ ಬಂದಿದ್ದ ಡಾಯ್ಲ್, 1894ರ ಮಾರ್ಚಿನಲ್ಲಿ ಮೈಯೆನ್‌ಫೆಲ್ಡರ್ ಫುರ್ಗಾ ಕಣಿವೆದಾರಿ ದಾಟಿ ಅರೋಸಾ ತಲುಪಿದ್ದು ನಿಜ. ಆದರೆ ಅವನ ಮುಂದೆ ದಾರಿ ತೋರಿಸುತ್ತ ನಡೆದವರು ಊರಿನ ಬ್ರಾಂಗರ್ ಸಹೋದರರು. ಅದೇ ದಾರಿಯನ್ನು ಅವರು ಹಿಂದಿನ ವರ್ಷವೇ ದಾಟಿದ್ದರು. ಅಣ್ಣತಮ್ಮಂದಿರಲ್ಲಿ ಟೋಬಿಯಾಸ್ ಕುದುರೆ ಜೀನು ಹೊಲಿಯುವ ಕಸುಬಿನವ.

ಅವರ ಜಾಣತನ ಮೊದಲು ಕಾಣುವುದು ತಿಂಗಳಿನ ಆಯ್ಕೆಯಲ್ಲಿ. ಚಳಿಗಾಲದ ಆರಂಭದಲ್ಲಿ ಹಿಮ ತೆಳು. ಬಂಡೆಗಳು ಅಡಿಯಲ್ಲೇ ಹೊಂಚು ಹಾಕಿರುತ್ತವೆ, ಹೊಸ ಪದರ ಹಳೆಯದಕ್ಕೆ ಬೆಸೆದಿರುವುದಿಲ್ಲ. ಮಾರ್ಚಿನ ಹೊತ್ತಿಗೆ ಹಿಮ ದಪ್ಪಗಟ್ಟಿರುತ್ತದೆ. ರಾತ್ರಿ ಹೆಪ್ಪುಗಟ್ಟಿದ್ದು ಬಿಸಿಲಿಗೆ ಸಡಿಲಾಗುವ ಮುನ್ನ ದಾಟಿಬಿಡಬೇಕು. ಅದಕ್ಕೇ ನಸುಕಿಗೆ ಮುಂಚೆ ಹೊರಟರು. ಕಡಿದಾದ ಇಳಿಜಾರಿನಲ್ಲಿ ಸ್ಕೀಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಕೂತು ಜಾರುವ ಉಪಾಯವೂ ಅವರದೇ. ಡಾಯ್ಲ್‌ನ ಹಲಗೆಗಳು ಮಾತ್ರ ಕೈತಪ್ಪಿ ಹೋದವು. ಪಾಪ, ಅವನು ಚಲ್ಲಣದ ಮೇಲೇ ಜಾರಿದ!

ಡಾಯ್ಲ್ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬರೆಯದಿದ್ದರೆ ಇಂಗ್ಲಿಷ್ ಪ್ರವಾಸಿಗರು ಬರುತ್ತಿದ್ದರೇ ಎಂದು ಕೇಳಬಹುದು. ಪ್ರಚಾರದ ಶ್ರೇಯ ಅವನಿಗೆ ಸಲ್ಲಲಿ, ಅಡ್ಡಿಯಿಲ್ಲ. ಆದರೆ ಪ್ರಚಾರ ಬೇರೆ, ಹಿಮದ ಮೇಲಿನ ವಿದ್ಯೆ ಬೇರೆ. ಆ ವಿದ್ಯೆಯಲ್ಲಿ ಡಾಯ್ಲ್ ಶಿಷ್ಯ, ಬ್ರಾಂಗರರೇ ಗುರುಗಳು.