ರೇಖೆಯಿದ್ದಲ್ಲೆಲ್ಲ ರೈಲಿದೆಯೆ? ನಮ್ಮ ಸೀಮೆಯ ರೈಲ್ವೆ ನಕ್ಷೆಗಳು

ಭೂಪಟವನ್ನು ಓದುವುದು ಪುಸ್ತಕವನ್ನು ಓದಿದಂತೆಯೇ ಎಂದು ತರಗತಿಯಲ್ಲಿ ನಾನು ಮತ್ತೆ ಮತ್ತೆ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪುಸ್ತಕಕ್ಕೆ ಕರ್ತೃವಿರುವಂತೆ ನಕ್ಷೆಗೂ ಕರ್ತೃವಿದ್ದಾನೆ. ಅವನಿಗೊಂದು ಉದ್ದೇಶವಿದೆ, ಒಂದು ಕಾಲವಿದೆ. ಭಾರತದ ರೈಲ್ವೆ ನಕ್ಷೆಗಳನ್ನು ಕಾಲಾನುಕ್ರಮದಲ್ಲಿ ಪಕ್ಕಪಕ್ಕದಲ್ಲಿರಿಸಿ, ಅವುಗಳಲ್ಲಿ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳೆಂಬ ನಾಲ್ಕು ಊರುಗಳನ್ನು ಹುಡುಕಿದರೆ ಒಂದು ಶತಮಾನದ ಚರಿತ್ರೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಈ ಲೇಖನದಲ್ಲಿ ಅಂತಹದೊಂದು ಪ್ರಯತ್ನ ಮಾಡಿದ್ದೇನೆ.

ಮೊದಲು 1909ರ ಸ್ಥಿತಿಯನ್ನು ನೋಡೋಣ. ಆ ವರ್ಷ ‘ಇಂಪೀರಿಯಲ್ ಗೆಜೆಟಿಯರ್ ಆಫ್ ಇಂಡಿಯಾ’ ಗ್ರಂಥಮಾಲೆಯ ಇಪ್ಪತ್ತಾರನೆಯ ಸಂಪುಟವು ಭೂಪಟಗಳ ಸಂಪುಟವಾಗಿ ಹೊರಬಂದಿತು. ಈಗ ಅದು ಅಂತರಜಾಲದಲ್ಲಿ ಯಾರಿಗೂ ಉಚಿತವಾಗಿ ದೊರೆಯುತ್ತದೆ. ಆ ಹೊತ್ತಿಗೆ ಬೆಂಗಳೂರಿನಿಂದ ಮೈಸೂರು ಸೀಮೆಯೊಳಕ್ಕೆ ಎರಡು ಮೀಟರ್ ಗೇಜ್ ಮಾರ್ಗಗಳು ಚಾಚಿದ್ದವು. ಒಂದು 1882ರಲ್ಲಿ ಮೈಸೂರನ್ನು ಮುಟ್ಟಿ, 1891ರಲ್ಲಿ ನಂಜನಗೂಡಿಗೆ ಮುಂದುವರಿದದ್ದು. ಇನ್ನೊಂದು ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಸಾಗಿ 1889ರಲ್ಲಿ ಹರಿಹರವನ್ನು ಸೇರಿದ್ದು. ಬೆಂಗಳೂರೆಂಬ ಒಂದು ಬಿಂದುವಿನಿಂದ ಹೊರಟ ಎರಡು ತೋಳುಗಳು ಎಂದುಕೊಳ್ಳಿ. ನಮ್ಮ ನಾಲ್ಕೂ ಊರುಗಳು ಆ ತೋಳುಗಳಾಚೆಯ ಬಯಲಿನಲ್ಲಿದ್ದವು. ಹಾಸನ ಜಿಲ್ಲೆಗೆ ರೈಲು ಬಂದಿತ್ತೆಂದು ಹೇಳಬಹುದಾಗಿತ್ತಾದರೂ ಅದು ಬಂದದ್ದು ಜಿಲ್ಲೆಯ ಬಡಗಣ ಅಂಚಿನ ಅರಸೀಕೆರೆ ಸೀಮೆಗೆ ಮಾತ್ರ. ಜಿಲ್ಲಾಕೇಂದ್ರದವರು ರೈಲು ಹತ್ತಬೇಕಾದರೆ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಬೇಕಾಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಸಂಸ್ಥಾನವು ತನ್ನದೇ ರೈಲುಮಾರ್ಗಗಳನ್ನು ಹಾಕಿಸುವ ಕಾರ್ಯಕ್ಕೆ ಕೈಹಚ್ಚಿತು. ಅವುಗಳಲ್ಲಿ ಮುಖ್ಯವಾದುದು ಮೈಸೂರು–ಅರಸೀಕೆರೆ ಮಾರ್ಗ. ಉದ್ದ ಸುಮಾರು 103 ಮೈಲಿ, ಅಂದರೆ ಸುಮಾರು 166 ಕಿಲೋಮೀಟರು. 1918ರ ಹೊತ್ತಿಗೆ ಅದು ಸಂಚಾರಕ್ಕೆ ತೆರೆಯಿತು. ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರ ಎಂದು ಹೇಮಾವತಿಯ ದಡದ ಊರುಗಳನ್ನು ಪೋಣಿಸಿಕೊಂಡು, ಮಾವಿನಕೆರೆಯ ಮೇಲೆ ಅದು ಹಾಸನವನ್ನು ಸೇರುತ್ತದೆ. ಹೀಗೆ ಎರಡು ತೋಳುಗಳ ನಡುವೆ ಅಡ್ಡಲಾಗಿ ಒಂದು ರೇಖೆ ಬಿದ್ದು ಬೆಂಗಳೂರು, ಮೈಸೂರು, ಅರಸೀಕೆರೆಗಳ ತ್ರಿಕೋನ ಪೂರ್ಣವಾಯಿತು. ನಮ್ಮ ನಾಲ್ಕು ಊರುಗಳಲ್ಲಿ ಎರಡು ನಕ್ಷೆಯನ್ನು ಸೇರಿದವು. ಚನ್ನರಾಯಪಟ್ಟಣವು ತ್ರಿಕೋನದ ಒಳಗೆ ಉಳಿಯಿತು; ಅರಕಲಗೂಡು ಹೊರಗೆ ಉಳಿಯಿತು.

ಆ ಕಾಲದ ನಕ್ಷೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಬಣ್ಣ. ರಾಷ್ಟ್ರದ ನಕ್ಷೆಯನ್ನು ಬರೆಯುವಾಗ ಒಂದೊಂದು ಕಂಪನಿಯ ಮಾರ್ಗಕ್ಕೆ ಒಂದೊಂದು ಬಣ್ಣ ಹಾಕುವ ರೂಢಿಯಿತ್ತು. ಹರಿಹರದ ಮಾರ್ಗವು ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯ ಕೈಯಲ್ಲಿತ್ತು. ಹಾಸನದ ಮಾರ್ಗ ಸಂಸ್ಥಾನದ್ದು. ಹಳಿಯ ಅಗಲ ಒಂದೇ ಆಗಿದ್ದರೂ ಅರಸೀಕೆರೆಯಲ್ಲಿ ಆಡಳಿತ ಬದಲಾಗುತ್ತಿತ್ತು. 1938ರಲ್ಲಿ ಹರಿಹರದ ಮಾರ್ಗವೂ ಸಂಸ್ಥಾನದ ಆಡಳಿತಕ್ಕೆ ಬಂದಿತು. 1951ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ ಹುಟ್ಟಿದಾಗ ಹಾಸನ ಅದರ ಪಾಲಿಗೆ ಬಂದಿತು. ಒಂದೇ ಹಳಿ ಒಂದು ಶತಮಾನದೊಳಗೆ ಮೂರು ಬಣ್ಣಗಳನ್ನು ಕಂಡಿದೆ. ಆದ್ದರಿಂದ ಮುದ್ರಣದ ವರ್ಷವಿಲ್ಲದ ಹಳೆಯ ನಕ್ಷೆ ಕೈಗೆ ಸಿಕ್ಕರೆ ಆಡಳಿತದ ಹೆಸರನ್ನು ನೋಡಿ ಕಾಲವನ್ನು ಅಂದಾಜು ಮಾಡಬಹುದು.

ಇನ್ನು ಪಡುವಣ ದಿಕ್ಕಿಗೆ ಬರೋಣ. ಹಾಸನ–ಮಂಗಳೂರು ಮಾರ್ಗದ ಕೆಲಸ ಅರವತ್ತರ ದಶಕದ ನಡುವಿನಲ್ಲಿ ಆರಂಭವಾಗಿ 1979ರಲ್ಲಿ ಮುಗಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರುಗಳ ಘಟ್ಟದಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಐವತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಏರುವ ಕಡಿದಾದ ಹಾದಿಯದು. ರಾಷ್ಟ್ರದ ನಕ್ಷೆಯಲ್ಲಿ ಇದೆಲ್ಲವೂ ಒಂದು ಅಂಗುಲಕ್ಕಿಂತಲೂ ಚಿಕ್ಕದಾದ ಸಣ್ಣ ಗೀರು. ಸುರಂಗದ ಕತ್ತಲೆಯನ್ನಾಗಲಿ, ಎಡಕುಮೇರಿಯ ಮಳೆಯನ್ನಾಗಲಿ ಆ ಗೀರು ಹೇಳುವುದಿಲ್ಲ.

ಈ ಲೇಖನದ ಶೀರ್ಷಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮೀಟರ್ ಗೇಜ್ ಅನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ 1996ರಲ್ಲಿ ಘಟ್ಟದ ಪ್ರಯಾಣಿಕರ ರೈಲುಗಳನ್ನು ನಿಲ್ಲಿಸಲಾಯಿತು. 2006ರ ಮೇ ತಿಂಗಳಲ್ಲಿ ಸರಕು ರೈಲುಗಳಿಗೆ ದಾರಿ ತೆರೆಯಿತು. ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಸುಮಾರು ಹನ್ನೊಂದು ವರ್ಷಗಳ ಕಾಲ ಹಾಸನದಿಂದ ಮಂಗಳೂರಿಗೆ ಯಾವ ಪ್ರಯಾಣಿಕನೂ ರೈಲಿನಲ್ಲಿ ಹೋಗಲಿಲ್ಲ. ಆದರೆ ಗೋಡೆಗೆ ತೂಗುಹಾಕಿದ್ದ ಭೂಪಟಗಳಲ್ಲಿ ಆ ರೇಖೆ ಎಂದಿನಂತೆಯೇ ಇತ್ತು! ಆ ಅವಧಿಯಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಎಸ್.ಎಸ್.ಎಲ್.ಸಿ. ಮುಗಿಸುವಷ್ಟು ಕಾಲ ಕಳೆಯಿತು. ಪರೀಕ್ಷೆಯಲ್ಲಿ ಹಾಸನ–ಮಂಗಳೂರು ಮಾರ್ಗವನ್ನು ಗುರುತಿಸಿ ಅಂಕ ಪಡೆದ ಮಕ್ಕಳು ಬೇಸಿಗೆ ರಜೆಯಲ್ಲಿ ಧರ್ಮಸ್ಥಳಕ್ಕೆ ಹೋಗಲು ಬಸ್ಸನ್ನೇ ಹತ್ತಿದರು.

ಇದರಿಂದ ಕಲಿಯಬೇಕಾದ ಪಾಠವೇನು? ಹಳಿಗಳ ನಕ್ಷೆ ಬೇರೆ, ಪ್ರಯಾಣಿಕರ ರೈಲುಗಳ ನಕ್ಷೆ ಬೇರೆ. ಮೊದಲನೆಯದು ಕಬ್ಬಿಣ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಜನ ಎಲ್ಲಿಂದ ಎಲ್ಲಿಗೆ ಹೋಗಬಲ್ಲರು ಎಂಬುದನ್ನು ಹೇಳಬೇಕು. ಎರಡನೆಯದನ್ನು ತಿಳಿಯಬೇಕಾದರೆ ನಕ್ಷೆಯ ಜೊತೆಗೆ ವೇಳಾಪಟ್ಟಿಯನ್ನೂ ಇಟ್ಟುಕೊಳ್ಳಲೇಬೇಕು. ಅಲ್ಲಿಯೂ ಎಚ್ಚರ ಅಗತ್ಯ. ‘ಟ್ರೇನ್ಸ್ ಅಟ್ ಎ ಗ್ಲಾನ್ಸ್’ ಎಂಬ ರಾಷ್ಟ್ರಮಟ್ಟದ ವೇಳಾಪಟ್ಟಿಯು ಮುಖ್ಯವಾಗಿ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳಿಗೆ ಮೀಸಲು. ಮಾವಿನಕೆರೆಯಂತಹ ಸಣ್ಣ ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿಗಾಗಿ ಕಾಯುವ ರೈತನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ವಲಯದ ವೇಳಾಪಟ್ಟಿ. ಸಣ್ಣ ನಿಲ್ದಾಣಗಳನ್ನೂ ನಕ್ಷೆಯ ಮೇಲೆಯೇ ಕಾಣಬೇಕೆಂಬವರಿಗೆ ಸಮಿತ್ ರಾಯ್‌ಚೌಧುರಿಯವರು 2005ರಲ್ಲಿ ಹೊರತಂದ ‘ದಿ ಗ್ರೇಟ್ ಇಂಡಿಯನ್ ರೈಲ್ವೆ ಅಟ್ಲಾಸ್’ ಬಹಳ ಉಪಯುಕ್ತ. ಒಬ್ಬ ವ್ಯಕ್ತಿಯ ಆಸಕ್ತಿಯಿಂದ ಇಷ್ಟು ದೊಡ್ಡ ಕೆಲಸ ಸಾಧ್ಯವಾಯಿತೆಂಬುದೇ ಸಂತೋಷದ ಸಂಗತಿ.

ಈಗ ತ್ರಿಕೋನದೊಳಗೆ ಉಳಿದಿದ್ದ ಚನ್ನರಾಯಪಟ್ಟಣದ ವಿಷಯ. ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಾಗಿತ್ತು. ಮೈಸೂರಿನ ಮೇಲೆ ಹೋದರೆ ಸುಮಾರು 258 ಕಿಲೋಮೀಟರು. ಅರಸೀಕೆರೆಯ ಮೇಲೆ ಹೋದರೂ ಇನ್ನೂರಕ್ಕೂ ಮಿಕ್ಕಿ. 1996–97ರಲ್ಲಿ ನೇರ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. 2006ರ ಮಹಾಮಸ್ತಕಾಭಿಷೇಕದ ವರ್ಷ ಹಾಸನದಿಂದ ಶ್ರವಣಬೆಳಗೊಳದವರೆಗೆ ರೈಲು ಬಂದಾಗ ಚನ್ನರಾಯಪಟ್ಟಣ ಮೊದಲ ಬಾರಿಗೆ ನಕ್ಷೆಯನ್ನು ಸೇರಿತು. ಆದರೆ ಅದು ಬೆಂಗಳೂರಿಗೆ ಬೆನ್ನು ಮಾಡಿ ನಿಂತ ತುಂಡುದಾರಿ. ಉಳಿದ ಭಾಗ ಪೂರ್ಣಗೊಂಡು, ಕುಣಿಗಲ್ ಮತ್ತು ನೆಲಮಂಗಲಗಳ ಮೇಲೆ ಯಶವಂತಪುರಕ್ಕೆ ನೇರ ರೈಲು ಓಡಿದ್ದು 2017ರ ಮಾರ್ಚ್ 26ರಂದು. ಮಂಜೂರಾತಿಯಿಂದ ಎಣಿಸಿದರೆ ಸುಮಾರು ಎರಡು ದಶಕಗಳು. ಮೈಸೂರು–ಅರಸೀಕೆರೆ ಮಾರ್ಗದಷ್ಟೇ, ಅಂದರೆ ಸುಮಾರು 166 ಕಿಲೋಮೀಟರು ಉದ್ದದ ಈ ಹೊಸ ಮಾರ್ಗವು ಹಳೆಯ ತ್ರಿಕೋನವನ್ನು ನಡುವೆ ಸೀಳಿ ಎರಡಾಗಿಸಿದೆ.

ಕೊನೆಗೆ ಉಳಿಯುವುದು ಅರಕಲಗೂಡು. 1909ರ ನಕ್ಷೆಯಲ್ಲಿ ಅದರ ಸುತ್ತ ಬಿಳಿಯ ಕಾಗದವಿತ್ತು, ಇಂದಿಗೂ ಇದೆ. ಒಂದು ಕಡೆ ಹಾಸನ, ಇನ್ನೊಂದು ಕಡೆ ಹೊಳೆನರಸೀಪುರ; ಎರಡೂ ನಿಲ್ದಾಣಗಳು ಸುಮಾರು 30 ಕಿಲೋಮೀಟರು ದೂರ. ಹಾಗೆಂದು ಆ ತಾಲ್ಲೂಕು ಬರಿದೆಂದು ತಿಳಿಯಬಾರದು. ಕಾವೇರಿ, ಹೇಮಾವತಿಗಳೆರಡೂ ಅಲ್ಲಿ ಹರಿಯುತ್ತವೆ. ರಾಮನಾಥಪುರದ ತಂಬಾಕಿನ ಹರಾಜು, ಕೊಣನೂರಿನ ವ್ಯಾಪಾರ ಸುತ್ತಲಿನವರಿಗೆಲ್ಲ ಗೊತ್ತು. ರೈಲ್ವೆ ನಕ್ಷೆಯಲ್ಲಿನ ಖಾಲಿ ಜಾಗ ಅಲ್ಲಿ ಹಳಿಯಿಲ್ಲವೆಂದು ಹೇಳುತ್ತದೆಯೇ ಹೊರತು ಅಲ್ಲಿ ಜನರಿಲ್ಲವೆಂದಲ್ಲ. ನೂರು ವರ್ಷಗಳಿಗೂ ಮಿಕ್ಕಿ ಆ ಊರಿನ ಪ್ರಯಾಣಿಕರನ್ನು ಹೊತ್ತವು ಎತ್ತಿನ ಗಾಡಿ ಮತ್ತು ಬಸ್ಸು. ರೈಲ್ವೆ ನಕ್ಷೆಯೊಂದನ್ನೇ ಆಧಾರವಾಗಿಟ್ಟುಕೊಂಡು ಚರಿತ್ರೆ ಬರೆಯುವವನಿಗೆ ಅವರು ಯಾರೂ ಕಾಣಿಸುವುದಿಲ್ಲ.

ನಕ್ಷೆ ಇಂದಿಗೂ ಪೂರ್ತಿ ನಂಬತಕ್ಕ ವಸ್ತುವಲ್ಲ. 2018ರ ಆಗಸ್ಟ್‌ನಲ್ಲಿಯೂ 2024ರ ಜುಲೈಯಲ್ಲಿಯೂ ಘಟ್ಟದಲ್ಲಿ ಭೂಕುಸಿತವಾಗಿ ಮಂಗಳೂರಿನ ರೈಲುಗಳು ದಿನಗಟ್ಟಲೆ ನಿಂತವು. ಆಗಲೂ ಮೊಬೈಲಿನ ನಕ್ಷೆಯಲ್ಲಿ ರೇಖೆ ಅಳಿಯಲಿಲ್ಲ. ಆದ್ದರಿಂದ ಯಾವುದೇ ರೈಲ್ವೆ ನಕ್ಷೆ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಯಾವ ವರ್ಷದ್ದು? ಯಾವ ಅಳತೆಯಲ್ಲಿದೆ? ಯಾರು, ಯಾರಿಗಾಗಿ ಬರೆದದ್ದು? ಅದರ ಮೇಲೆ ಓಡುವ ರೈಲುಗಳ ವೇಳಾಪಟ್ಟಿ ಎಲ್ಲಿ?

ನನ್ನ ಬಂಧುಗಳಲ್ಲಿಯೂ ಶಿಷ್ಯರಲ್ಲಿಯೂ ಒಂದು ವಿನಂತಿ. ಹಿರಿಯರ ಪೆಟ್ಟಿಗೆಗಳಲ್ಲಿ ಹಳೆಯ ರೈಲ್ವೆ ಗೈಡು, ವೇಳಾಪಟ್ಟಿ, ಮಡಿಕೆ ಬಿದ್ದ ನಕ್ಷೆ ಏನಾದರೂ ಸಿಕ್ಕರೆ ರದ್ದಿಗೆ ಹಾಕಬೇಡಿ. ಹೊಳೆನರಸೀಪುರದಲ್ಲಿ ಯಾವ ಗಾಡಿ ಎಷ್ಟು ಗಂಟೆಗೆ ನಿಲ್ಲುತ್ತಿತ್ತು ಎಂಬ ಒಂದು ಸಾಲೂ ನಮ್ಮ ಊರಿನ ಚರಿತ್ರೆಯೇ. ಅದರ ಛಾಯಾಚಿತ್ರ ತೆಗೆದು, ವರ್ಷವನ್ನು ಗುರುತು ಹಾಕಿ ಜೋಪಾನವಾಗಿರಿಸಿ. ಸಾಧ್ಯವಾದರೆ ನನಗೂ ಕಳುಹಿಸಿ.