ಕಣ್ಣಿಗೆ ಕಂಡರೂ ಕಿವಿಗೆ ಕೇಳದ ಕನ್ನಡ

ಗೋವಾದಲ್ಲಿ ಕನ್ನಡ ಮಾಧ್ಯಮದ ಪಾಠ ಹೇಳುವ ನಾವು, ಟಿಪ್ಪಣಿಯ ಅಚ್ಚು ಚೆನ್ನಾಗಿದ್ದರೆ ಸಾಕು ಎಂದುಕೊಂಡಿದ್ದೆವು. ಕಣ್ಣು ಕಾಣದ ವಿದ್ಯಾರ್ಥಿಗೆ ಅಷ್ಟು ಸಾಲದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಬಂತು. ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಅವೇ ಚುಕ್ಕಿಗಳು. ಬೆರಳಿಗೆ ಗಡಿಯೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ಹಾಗಾಗಲಿಲ್ಲ. ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನಮಗೆ ಕಾಣುವುದು ಕನ್ನಡ. ಓದಿ ಹೇಳುವ ತಂತ್ರಾಂಶಕ್ಕೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ! ಯೂನಿಕೋಡ್‌ನಲ್ಲಾದರೋ 1991ರಿಂದಲೇ ಕನ್ನಡಕ್ಕೆ ತನ್ನದೇ ಜಾಗವಿದೆ. ಅದರಲ್ಲಿ ಬರೆದದ್ದನ್ನು ಎನ್‌ವಿಡಿಎ ಗಟ್ಟಿಯಾಗಿ ಓದುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಆರಂಭಿಸಿದ ಈ ತಂತ್ರಾಂಶ ಉಚಿತ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಅನುಕೂಲವನ್ನು ಹಕ್ಕಾಗಿಸಿತು. 2020ರ ಕೋವಿಡ್ ಕಾಲದಲ್ಲಿ ಗೋವಾದ ಪದವಿ ಪಾಠಗಳು 'ದಿಷ್ಟಾವೊ' ಯೋಜನೆಯಡಿ ವೀಡಿಯೊಗಳಾದವು. ಇಂಥ ಪಾಠ ಎಲ್ಲರಿಗೂ ತಲುಪಬೇಕಾದರೆ ಕಿವಿ ಕೇಳದವರಿಗೆ ಅಡಿಬರಹ ಬೇಕು, ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಬಾಯಲ್ಲಿ ಹೇಳಬೇಕು.

ಆದರೆ ಮಗು ವಿಶ್ವವಿದ್ಯಾಲಯದವರೆಗೆ ಹೋಗುವುದು ನಮ್ಮ ಶಾಲೆಯ ಟಿಪ್ಪಣಿಗಳನ್ನು ಓದಿಯೇ ಅಲ್ಲವೇ? ನಮ್ಮ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸತೊಡಗಿದ್ದೇವೆ. ನೀವೂ ಒಂದು ಪಾಠದಿಂದ ಶುರುಮಾಡಿ.